ಮಗ್ಗ ನಿಂತರೆ

ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಮಾತ್ರೆಯ ಸಾಲಿನಲ್ಲಿ ನಿಂತಿದ್ದ ದೀಪಳ ಮುಂದೆಯೇ ಇಬ್ಬರು ನೇಯ್ಗೆಯ ಹೆಂಗಸರು. ಹಿರಿಯಳಾದ ದೇವೀರಮ್ಮ ಮಗಳ ಬಾಣಂತನ ಮುಗಿಸಿ ಆಗಷ್ಟೇ ಊರಿಗೆ ಬಂದವಳಂತೆ.

“ಯಶೋದಾ, ನಿನ್ನ ಮಗನ್ನ ನೋಡ್ಕಳಕ್ಕೆ ಅಂಗವಿಕಲ ಮಕ್ಕಳ ಸಂಸ್ಥೆಯಿಂದ ಹುಡುಗಿ ಬತ್ತಾಳಂತೆ? ಇನ್ನೇನು, ಹನೂರಿಗೋಗಿ ನಿಮ್ಮವ್ವನ್ನ ನೋಡ್ಬೌದು.”

“ಎಲ್ಲಿ ಓಗ್ಲಿ ದೇವೀರಕ್ಕ? ಮಗ್ಗ ನಿಂತ್ರೆ ಸಾಕು, ತಲೆ ಗೋಡೆಗೆ ಚಚ್ಕತಾನೆ. ಅವಳು ಅವನ ಪಕ್ಕ ಕುಂತಿರ್ತಾಳೆ, ನಾನು ನೇಯ್ತಿರ್ತೀನಿ.”

“ಚೆನ್ನಾಗದೆ ಬುಡು! ಬಿಡುವು ಕೊಡಕ್ಕೆ ಬಂದೋಳು ಕುಂತ್ಕತಾಳೆ, ನೀನು ದುಡೀತೀಯ. ಫೋನಲ್ಲಿ ಮಗ್ಗದ ಸದ್ದು ಆಕ್ಬುಡು.”

“ಆಕಿದ್ವಿ. ಮಗ್ಗದ ಕಂಬ ಮುಟ್ಟಿ ನೋಡ್ತಾನೆ ಕಣಕ್ಕ. ಅದುರದಿದ್ರೆ ನಂಬಲ್ಲ.”

“ಈಗ?”

“ಯಜಮಾನ್ರು ನೇಯ್ತಾವ್ರೆ. ಹನ್ನೆರಡಕ್ಕೆ ಅವರು ಕೂಲಿಗೋಗ್ಬೇಕು.”

“ಸರಿ, ಗುರುವಾರ ನಾನು ಬಂದು ನೇಯ್ತೀನಿ. ನೀನು ಹನೂರು ಬಸ್ಸತ್ತು.”

ಯಶೋದ ಕೈಲಿದ್ದ ಚೀಟಿಯನ್ನು ಮಡಿಸಿದಳು, ಬಿಡಿಸಿದಳು.

“ಅವ್ವ ತೀರ್ಕಂಡು ಹದಿನೈದು ದಿನ ಆಯ್ತಕ್ಕ. ಮಣ್ಣಾಕಿ ಓಡ್ಬಂದೆ.”

“ಅಯ್ಯೋ ನನ್ ಕಂದ…”

“ಆದ್ರೂ ಬಾ. ಒಂದು ಗಳಿಗೆ ನೀನು ನೇಯಿ. ನಾನಿನ್ನೂ ಅತ್ತಿಲ್ಲ.”

ಕಿಟಕಿಯಿಂದ ಮಾತ್ರೆ ಬಂತು. ಯಶೋದ ಅದನ್ನು ಸೆರಗಿಗೆ ಗಂಟು ಹಾಕಿಕೊಂಡು ಗೇಟಿನ ಕಡೆ ದಾಪುಗಾಲು ಹಾಕಿದಳು. ಮುಂದಿನ ಸರದಿ ದೇವೀರಮ್ಮನದು. ಆಕೆ ತನ್ನ ಚೀಟಿಯನ್ನು ಕೊಡದೆ ಯಶೋದಳ ಹಿಂದೆಯೇ ನಡೆದಳು.