ಲಾರಿ ನೋಡಿ ಪೋಣಿಸಿದ ಸರ

(೧೯೭೪. ಚಿತ್ರದುರ್ಗದ ಮಹಿಳಾ ಮಂಡಳಿಯೊಂದರ ವಾರ್ಷಿಕೋತ್ಸವದಲ್ಲಿ ಗಾಜಿನ ಮಣಿಸರ ಮಾಡುವ ಚಂದ್ರಕ್ಕನಿಗೆ ಸನ್ಮಾನವಾದಾಗ, ಆಕೆಯ ಮಾವ, ಐಮಂಗಲದ ಹೋಟೆಲಿನ ಮರುಳಸಿದ್ದಪ್ಪನವರು ಆಡಿದ ಮಾತು.)

ಸಭೆಯ ಅಧ್ಯಕ್ಷರಾದ ಕಮಲಮ್ಮನವರೇ, ಮುಖ್ಯ ಅತಿಥಿಗಳಾದ ಕಾಲೇಜಿನ ಮೇಷ್ಟ್ರೇ, ಮುಂದಿನ ಸಾಲಿನಲ್ಲಿ ಕುಳಿತು ಆಗಲೇ ನನ್ನನ್ನು ದುರುಗುಟ್ಟಿ ನೋಡುತ್ತಿರುವ ನನ್ನ ಮನೆಯಾಕೆ ವೀರಮ್ಮನವರೇ, ಸಭಿಕರೇ,

ಸನ್ಮಾನ ಸೊಸೆಗೆ, ಮಾತು ಮಾವನಿಗೆ. ಯಾಕೆಂದರೆ ನಮ್ಮ ಚಂದ್ರಕ್ಕ ಮೈಕು ಕಂಡರೆ ಸೆರಗಿನ ತುದಿ ತಿರುವುತ್ತಾ ನಿಂತುಬಿಡುತ್ತಾಳೆ. ನಾನೋ, ಪೂನಾ-ಬೆಂಗಳೂರು ರೋಡಿನ ಗದ್ದಲದಲ್ಲಿ ಕೂಗಿ ಕೂಗಿ ಚಹಾ ಮಾರಿದವನು. ನನಗೆ ಮೈಕೇ ಬೇಕಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮಂಡಳಿಯವರು ಇವಳನ್ನು ತಮ್ಮ ತರಬೇತಿ ಕೇಂದ್ರಕ್ಕೆ ಟೀಚರಾಗಿ ಕರೆದಿದ್ದಾರೆ. ಇಲ್ಲೇ ದುರ್ಗದಲ್ಲಿ ಇರಲು ಮನೆಯನ್ನೂ ಕೊಡುತ್ತಾರಂತೆ. ಮಗ ಒಪ್ಪಿದ್ದಾನೆ. ವೀರಮ್ಮ ಒಪ್ಪಿದ್ದಾಳೆ. ಸೊಸೆ ಮಾತ್ರ, "ಮಾವ ಹೂಂ ಅಂದ್ರೆ ಹೋಗ್ತೀನಿ" ಅಂದಿದ್ದಾಳೆ. ನಾನು ಬಂದಿರುವುದು ಇಲ್ಲ ಎನ್ನಲು. ಅವಳು ಹೋದರೆ ಹೋಟೆಲಿನಲ್ಲಿ ದೋಸೆ ಹಾಕುವವರು ಯಾರು ಸ್ವಾಮಿ?

ಮೇಷ್ಟ್ರು ಬಹಳ ಸೊಗಸಾಗಿ ಮಾತಾಡಿದರು. ಅಧ್ಯಕ್ಷರ ಕೊರಳಲ್ಲಿರುವ, ಇವಳು ಮಾಡಿದ ಸರ ತೋರಿಸಿ, ಈ ಕೆಂಪು, ಈ ಹಸಿರು ಏಳು ಸುತ್ತಿನ ಕೋಟೆಯ ವೈಭವದಿಂದ ಪಡೆದ ಸ್ಫೂರ್ತಿ ಎಂದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನೂ ತಟ್ಟಿದೆ. ಆದರೆ ಕಮಲಮ್ಮನವರೇ, ಕೋಪ ಮಾಡಿಕೊಳ್ಳಬೇಡಿ, ನಿಮ್ಮ ಕೊರಳಲ್ಲಿರುವುದು ಪಂಜಾಬಿನ ಲಾರಿಯೊಂದರ ಹಿಂಬಾಗಿಲು!

ನಗಬೇಡಿ, ನಿಜ. ಲಾರಿಯವರು ಹೂವು, ಗಿಳಿ, ನವಿಲು ಬರೆಸಿರುತ್ತಾರಲ್ಲ, ಅದರ ಮೇಲೆ ಇವಳ ಕಣ್ಣು. ಲಾರಿ ಇವಳಿಗಾಗಿ ನಿಲ್ಲುತ್ತದೆಯೇ? ಅದು ಮರೆಯಾಗುವುದರೊಳಗೆ ಬಣ್ಣದ ಸಾಲು ಹಿಡಿದುಕೊಂಡು, ಸೌಟು ಬಿಸಾಕಿ, ಸಾಸರಿನಲ್ಲಿಟ್ಟ ಮಣಿಗಳನ್ನು ಅದೇ ಸಾಲಿನಲ್ಲಿ ದಾರಕ್ಕೆ ಏರಿಸುತ್ತಾಳೆ. ಇತ್ತ ದೋಸೆ ಕರಕಲು. ಗಿರಾಕಿಗಳಿಗೆ ನಾನು ಏನು ಹೇಳಲಿ? "ಗರಿಗರಿ ಐತೆ, ತಿನ್ರಿ" ಅನ್ನುತ್ತೇನೆ.

ಒಮ್ಮೆ ರೇಗಿಯೇ ಕೇಳಿದೆ: "ಏನವ್ವಾ, ಲಾರಿ ನೋಡಾಕೆ ಬಂದಿದ್ದೀಯೋ, ದೋಸೆ ಹಾಕಾಕೆ ಬಂದಿದ್ದೀಯೋ?"

"ಎರಡಕ್ಕೂ, ಮಾವ."

ಕಳೆದ ವರ್ಷ ಬಾಣಂತನಕ್ಕೆಂದು ಹೊಳಲ್ಕೆರೆಗೆ, ತವರಿಗೆ ಹೋದಳು. ಹೋಟೆಲಿನಲ್ಲಿ ಒಂದು ದೋಸೆಯೂ ಸೀಯಲಿಲ್ಲ. ನನಗೆ ಸಂತೋಷವಾಗಬೇಕಿತ್ತಲ್ಲವೇ? ಒಂದು ಬೆಳಿಗ್ಗೆ ಒಂದು ಲಾರಿ ಹೋಯಿತು ನೋಡಿ, ನವಿಲಿನ ಸುತ್ತ ನೇರಳೆ, ಹಳದಿ, ಅಂಥ ಜೋಡಿ ನಾನು ಕಂಡೇ ಇರಲಿಲ್ಲ. ಹೆಗಲ ಮೇಲಿನ ಟವೆಲ್ಲು ಬೀಸುತ್ತಾ ಹಿಂದೆ ಓಡಿದೆ. ಗಿರಾಕಿಗಳೂ ತಿಂಡಿ ಬಿಟ್ಟು ಓಡಿಬಂದರು. ಪಾಪ, ಡ್ರೈವರು ಲಾರಿ ನಿಲ್ಲಿಸಿ, ಇಳಿದು ಕೈಮುಗಿದ.

"ಏನ್ ಕದ್ದಾನ್ರಿ ಇವ್ನು?" ಎಂದು ಒಬ್ಬ ತೋಳೇರಿಸಿದ.

"ಏನೂ ಕದ್ದಿಲ್ಲ ಕಣಪ್ಪಾ, ಬಣ್ಣ ನೋಡ್ಬೇಕಿತ್ತು" ಅಂದೆ. ಅವರು ನನ್ನನ್ನು ನೋಡಿದ ನೋಟ ನಾನು ಹೇಳುವುದಿಲ್ಲ.

ಅವತ್ತೇ ಹೊಳಲ್ಕೆರೆ ಬಸ್ಸು ಹತ್ತಿದೆ. ಮೊಮ್ಮಗನನ್ನು ನೋಡಲು ಹೋದರು ಎಂದು ವೀರಮ್ಮ ಊರಿಗೆಲ್ಲ ಹೇಳಿದಳು. ಮೊಮ್ಮಗನನ್ನೂ ನೋಡಿದೆ. ಆಮೇಲೆ. ಮೊದಲು ಲಾರಿಯ ಸುದ್ದಿ ಹೇಳಿದೆ. "ಹಳದಿ ಒಳಗಿತ್ತೋ ಹೊರಗಿತ್ತೋ ಮಾವ?" ಎಂದಳು. ಮರೆತುಹೋಗಿತ್ತು! ಅವಳು ನಕ್ಕಳು. "ಇರ್ಲಿ ಬಿಡ್ರಿ, ಆ ಲಾರಿ ಮತ್ತೆ ಬಂದೇ ಬರ್ತೈತೆ" ಎಂದಳು.

ನೋಡಿ, ಇದನ್ನೆಲ್ಲ ಹೇಳಬೇಕೆಂದು ನಾನು ಎದ್ದವನಲ್ಲ. ದೋಸೆಯ ನೆಪ ಹೇಳಿ ಕೂರಬೇಕೆಂದಿದ್ದೆ. ದೋಸೆ ಯಾರು ಬೇಕಾದರೂ ಹಾಕುತ್ತಾರೆ. ನನ್ನ ಪಕ್ಕ ನಿಂತು ರಸ್ತೆ ನೋಡುವವರು ಯಾರು? ಇವಳಿಲ್ಲದೆ ನನಗೆ ಬೇಜಾರಾಗುತ್ತದೆ, ವಿಷಯ ಅಷ್ಟೇ. ನನ್ನ ಬೇಜಾರಿಗೆ ಇವಳನ್ನು ಒಲೆಯ ಮುಂದೆ ಕಟ್ಟಿಹಾಕುವುದು ನ್ಯಾಯವೇ?

ಚಂದ್ರಾ, ತಲೆ ಎತ್ತವ್ವಾ. ಹೂಂ ಅಂದಿದ್ದೇನೆ. ಆ ಕೇಂದ್ರಕ್ಕೂ ಹೋಗು, ಆ ಮನೆಗೂ ಹೋಗು. ನಮ್ಮ ಮುಂದಿನ ರಸ್ತೆಯೇ ದುರ್ಗಕ್ಕೂ ಬರುತ್ತದೆ. ಬೆಂಗಳೂರಿಂದ ಬಂದು ನಮ್ಮ ಹೋಟೆಲು ದಾಟಿದ ಲಾರಿ ಸ್ವಲ್ಪ ಹೊತ್ತಿಗೆಲ್ಲ ನಿನ್ನ ಕಣ್ಣಿಗೂ ಬೀಳುತ್ತದೆ. ಮಾವ ನೋಡಿ ಕಳಿಸಿದ್ದು ಎಂದು ತಿಳಿದುಕೋ.

ಇಲ್ಲ ಎನ್ನಲು ಬಂದವನ ಬಾಯಲ್ಲಿ ಹೂಂ ಅನ್ನಿಸಿದ ನಿಮಗೆಲ್ಲ ವಂದನೆಗಳು. ನಮಸ್ಕಾರ.