ಸೀರಂ ಇಲ್ಲದೆ ಬದುಕಿದ ತಟ್ಟೆ

ಅಧ್ಯಕ್ಷರಾದ ಗೋಪಿನಾಥ್ ಅಂಕಲ್, ಅತಿಥಿಗಳೇ, ಹಸಿದಿದ್ದರೂ ಎದ್ದುಹೋಗದ ಸಭಿಕರೇ,

ತಾಯ್ನಾಡಿನಿಂದ ಸಮುದ್ರದಾಚೆ, ಪೊವೇಯ ಈ ಸಭಾಂಗಣದಲ್ಲಿ ನಮ್ಮ ಕನ್ನಡ ಸಂಘದವರು ನನಗೆ ಶಾಲು ಹೊದಿಸಿದ್ದೀರಿ. ಪ್ರಾಣಿಗಳ ಪರ ಹೋರಾಡಿದವನಿಗೆ ರೇಷ್ಮೆ ಶಾಲು! ಹುಳುಗಳ ಬಗ್ಗೆ ನಾನಿನ್ನೂ ಕರಪತ್ರ ಬರೆದಿಲ್ಲ, ತಪ್ಪು ನನ್ನದೇ.

ನಮ್ಮ ಲ್ಯಾಬಿನಲ್ಲಿ ಮನುಷ್ಯರ ಕರುಳಿನ ಜೀವಕೋಶಗಳನ್ನು ಪ್ಲಾಸ್ಟಿಕ್ ತಟ್ಟೆಗಳಲ್ಲಿ ಬೆಳೆಸುತ್ತೇವೆ. ಅವುಗಳ ಆಹಾರದಲ್ಲಿ ನೂರಕ್ಕೆ ಹತ್ತು ಪಾಲು ಸೀರಂ. ಸೀರಂ ಎಂದರೇನು? ಗಬ್ಬದ ಹಸುವನ್ನು ಕಡಿದಾಗ ಹೊಟ್ಟೆಯೊಳಗಿನ ಕರುವಿನ ರಕ್ತದಿಂದ ತೆಗೆದ ತಿಳಿ. "ಊಟಕ್ಕೆ ಮುಂಚೆ ಇದನ್ನೆಲ್ಲ ಹೇಳ್ಲೇಬೇಕಾ ಸುಮುಖ?" ಎಂದು ಜಯಾ ಆಂಟಿ ಆಗಲೇ ಕೇಳಿದ್ದರು. ಹೇಳಲೇಬೇಕು ಆಂಟಿ.

ಎಂಟು ಕರಪತ್ರ ಓದಿದ ನಾನು ಒಂದೇ ದಿನದಲ್ಲಿ ಹತ್ತನ್ನು ಸೊನ್ನೆ ಮಾಡಿದೆ. ಪಕ್ಕದ ಮೇಜಿನ ಹುಬ್ಬಳ್ಳಿಯ ದೀಪ್ತಿ ಹತ್ತನ್ನು ಎಂಟಕ್ಕೆ, ಎಂಟನ್ನು ಐದಕ್ಕೆ ಇಳಿಸುತ್ತ ಕೂತಿದ್ದಳು. ಕಡಿಮೆ ಕೊಂದರೆ ಕೊಲೆಯಲ್ಲವೇ? ಅವಳನ್ನೇ ಕೇಳಿದೆ. "ಕೋಶಕ್ಕೂ ರೂಢಿ ಆಗ್ಬೇಕಲ್ಲಪಾ" ಎಂದು ನಕ್ಕಳು.

ಆ ವಾರಾಂತ್ಯ ಡೈಮಂಡ್ ಬಾರ್ ಎಂಬ ಊರಿನ ಪಿಕ್ನಿಕ್‌ನಲ್ಲಿ ಕರಪತ್ರ ಹಂಚಬೇಕಿತ್ತು. ಕೋಶಗಳಿಗೆ ರಜೆಯಿಲ್ಲ, ಶನಿವಾರವೂ ಊಟ ಬದಲಿಸಬೇಕು. ದೀಪ್ತಿಗೆ ಒಪ್ಪಿಸಿ ಹೋದೆ. ಸೋಮವಾರ ಬಂದು ನೋಡಿದರೆ ತಟ್ಟೆ ತುಂಬ ಹಬ್ಬಿದ್ದವು! ಅಂದೇ ಕರ್ನಿ ಮೆಸಾದ ಮುದ್ರಣಾಲಯದಲ್ಲಿ 'ಸೀರಂ ಇಲ್ಲದೆ ಬದುಕಿದ ತಟ್ಟೆ' ಎಂಬ ನನ್ನ ಕರಪತ್ರ ಅಚ್ಚಾಯಿತು. ಮತ್ತೆ ನಾನೇ ಊಟ ಹಾಕತೊಡಗಿದೆ, ಮರುವಾರ ಅವು ಸತ್ತವು. ಇನ್‌ಕ್ಯುಬೇಟರಿನ ದೋಷವೆಂದುಕೊಂಡೆ. ಕರಪತ್ರವನ್ನಂತೂ ಹಂಚಿಯಾಗಿತ್ತು, ಓದಿದ ನೀವು ಸನ್ಮಾನ ಇಟ್ಟುಕೊಂಡಿರಿ.

ಮೊನ್ನೆ ಆಹ್ವಾನಪತ್ರಿಕೆ ತೋರಿಸಿದಾಗ ದೀಪ್ತಿಯ ಮುಖ ಬಿಳುಚಿತು. "ಆ ಶನಿವಾರ ನಿನ್ನ ಕೋಶ ಸಾಯಾಕತ್ತಿದ್ವು, ನೋಡಾಕ ಆಗ್ಲಿಲ್ಲ. ನನ್ನ ಬಾಟಲಿಯಿಂದ ಸೀರಂ ಹಾಕ್ದೆ. ಬೈತೀ ಅಂತ ಹೇಳ್ಲಿಲ್ಲ."

ಸನ್ಮಾನ ಬೇಡವೆಂದು ಅಧ್ಯಕ್ಷರಿಗೆ ಫೋನ್ ಮಾಡಿದೆ. "ಶಾಲು ಬಂದಾಯ್ತು ಕಣಪ್ಪಾ, ಹಾಲ್ ಬುಕ್ ಆಗಿದೆ. ಸುಮ್ನೆ ಬಂದು ಎರಡು ಮಾತಾಡು" ಎಂದರು. ಅಂಕಲ್, ಆ ಎರಡು ಮಾತು ಇವೇ.

ದೀಪ್ತಿಯ ತಟ್ಟೆಗಳು ನೂರಕ್ಕೆ ಎರಡು ಪಾಲಿನಲ್ಲಿ ಎರಡು ತಿಂಗಳಿಂದ ಬದುಕಿವೆ. ಹತ್ತು ಬಾಟಲಿ ಬೇಕಿದ್ದಲ್ಲಿ ಎರಡು ಸಾಕು. ನನ್ನ ಬರಹದಲ್ಲಿ ಅವಳ ಹೆಸರು ಒಮ್ಮೆ ಮಾತ್ರ ಬಂದಿದೆ, 'ರಾಜಿಗೆ ಬಿದ್ದವಳು' ಎಂಬ ಬಿರುದಿನೊಂದಿಗೆ. ಈ ಶಾಲು ಅವಳದು, ತಲುಪಿಸುತ್ತೇನೆ. ಸೊನ್ನೆಯನ್ನು ನಾನು ಬಿಟ್ಟಿಲ್ಲ; ಎಂಟು, ಐದು, ಎರಡನ್ನು ಹಾದು ಹೋಗುತ್ತೇನೆ, ಅಷ್ಟೆ.

ಅವಳೇಕೆ ಬಂದಿಲ್ಲ? ಇಂದು ಶನಿವಾರ. ಭಾಷಣವಿದೆಯೆಂದು ನನ್ನ ಹೊಸ ಕೋಶಗಳನ್ನು ಅವಳಿಗೇ ಒಪ್ಪಿಸಿ ಬಂದಿದ್ದೇನೆ. ಯಾವ ಬಾಟಲಿಯಿಂದ ಹಾಕಬೇಕೆಂದು ಈ ಸಲ ಹೇಳಿಲ್ಲ.

ಹಸಿವು ತಡೆದುಕೊಂಡಿದ್ದಕ್ಕೆ ಧನ್ಯವಾದ. ನಮಸ್ಕಾರ.