ಹಳೆಯ ಮನೆಯಿಂದ ಹೋದ ಕಾರಣ

ವಿಳಾಸ ಬದಲಾವಣೆಗೆ ಅರ್ಜಿ ಕೊಡುವ ಕಚೇರಿಯ ಬೆಂಚಿನಲ್ಲಿ ಅತ್ತಿಗೆ, ನಾದಿನಿ ಇಬ್ಬರೂ ಒಂದೇ ಅರ್ಜಿಯ ಮೇಲೆ ಬಗ್ಗಿದ್ದರು. ಪೆನ್ನು ಮಾತ್ರ ಪಕ್ಕದಲ್ಲಿ ಕೂತಿದ್ದ ನರ್ಸಮ್ಮನದು. ಕೊಟ್ಟ ಪೆನ್ನಿನ ಮೇಲೆ ಕಣ್ಣಿಟ್ಟಿದ್ದವಳ ಕಿವಿಗೆ ಅವರ ಮಾತೂ ಬಿತ್ತು.

“ಹಳೇ ಮನೆಯಿಂದ ಹೋದ ಕಾರಣ ಕೇಳಿದ್ದಾರೆ ಅತ್ತಿಗೆ. ಏನು ಬರೀಲಿ?”

“ಬಿಟ್ಟು ಬಂದೆ ಅಂತ ಬರಿ.”

“ಬಿಟ್ಟಿದ್ದು ನೀವಲ್ಲ. ಬಾಗಿಲು ತೋರಿಸಿದ್ದು ನಮ್ಮಣ್ಣ.”

“ಹೊರಗೆ ಹಾಕಿದ್ರು ಅಂತ ಬರೀತೀಯಾ? ಗುಮಾಸ್ತರು ಓದ್ತಾರೆ ಕಣೇ.”

“ಓಡಿ ಬಂದೆ ಅನ್ನೋಣ್ವಾ?”

“ಹೊಲಿಗೆ ಮಷಿನ್ ಹೊತ್ಕೊಂಡು ಯಾರಾದ್ರೂ ಓಡ್ತಾರಾ?”

“ಹೊತ್ತಿದ್ದು ನಾನು! ಮೂರು ಮಹಡಿ. ನನ್ನ ಸೊಂಟ ಇನ್ನೂ ನಿಮ್ಮ ಹೆಸರು ಹೇಳ್ತಿದೆ.”

ಇಬ್ಬರೂ ನಕ್ಕರು. ನರ್ಸಮ್ಮ ಕರ್ಚೀಫಿನಲ್ಲಿ ನಗು ಮರೆಸಿದಳು.

“ಹೋಗ್ಲಿ, ಸ್ಥಳಾಂತರ ಅಂತ ಹಾಕ್ಲಾ? ಮರ್ಯಾದೆಯಾಗಿರುತ್ತೆ.”

“ಸ್ಥಳಾಂತರ ಆಗೋದಕ್ಕೆ ನಾನೇನು ಬಸ್ ನಿಲ್ದಾಣವಾ? ತಾ ಇಲ್ಲಿ.”

ಅತ್ತಿಗೆ ಪೆನ್ನು ಕಸಿದುಕೊಂಡು, ಗುಂಡಿಗೆ ಕಾಜಾ ಹೊಲಿಯುವಷ್ಟೇ ನಿಧಾನವಾಗಿ ಬರೆದಳು. ನಾದಿನಿ ಗಟ್ಟಿಯಾಗಿ ಓದಿದಳು: “‘ನನ್ನ ನಾದಿನಿ ಬಂದು ಕರೆದುಕೊಂಡು ಹೋದಳು.’ ಅಯ್ಯೋ, ಇದೂ ಒಂದು ಕಾರಣವಾ ಅತ್ತಿಗೆ?”

“ನನಗಿರೋದು ಇದೊಂದೇ. ಒಡಹುಟ್ಟಿದವನನ್ನೇ ಎದುರು ಹಾಕ್ಕೊಂಡು ಯಾರು ಬರ್ತಾರೆ?”

“ನೀವು ಹೊಲಿದ ಬಟ್ಟೆ ಹಾಕ್ಕೊಂಡೇ ಕಾಲೇಜು ಮುಗಿಸಿದವಳು ನಾನು. ಬರದೆ ಇರ್ತೀನಾ?”

ಅಷ್ಟರಲ್ಲಿ ಅವರ ಸರದಿ ಕೂಗಿದರು. ಅತ್ತಿಗೆ ಎದ್ದು, ಅರ್ಜಿಯನ್ನು ಎಲ್ಲರಿಗೂ ಕಾಣುವಂತೆ ಎದೆಗೊತ್ತಿಕೊಂಡು ಕಿಟಕಿಯ ಕಡೆಗೆ ನಡೆದಳು. ಅವಳ ಕೈಯಲ್ಲೇ ಪೆನ್ನೂ ಹೊರಟಿತ್ತು. ಕರೆಯಲೆಂದು ಬಾಯಿ ತೆರೆದ ನರ್ಸಮ್ಮ, ಹೋದರೆ ಹೋಗಲಿ ಎಂದು ಬೆಂಚಿಗೆ ಒರಗಿದಳು.